ಚಿಕ್ಕ ರೈಲು ಬಿಟ್ಟುಹೋದ ಸ್ಟೇಷನ್ನುಗಳು

ಯಲಹಂಕ ದಾಟಿ ಚಿಕ್ಕಬಳ್ಳಾಪುರದ ಕಡೆ ಸಾಗುವ ಹಳಿಯ ಪಕ್ಕದಲ್ಲಿ ದೊಡ್ಡಜಾಲ, ದೇವನಹಳ್ಳಿ, ಅವತಿಹಳ್ಳಿ, ನಂದಿ ಎಂಬ ನಾಲ್ಕು ಹಳೆಯ ಸ್ಟೇಷನ್ನುಗಳಿವೆ. ನೂರು ವರ್ಷ ಮೀರಿದ ಕಟ್ಟಡಗಳು. ದೇವನಹಳ್ಳಿ ಎಂದೊಡನೆ ನಮಗೆ ಕೋಟೆ, ಟಿಪ್ಪು, ಚಕ್ಕೋತ ನೆನಪಾಗುತ್ತವೆ. ಅವತಿ ಎಂದರೆ ನಾಡಪ್ರಭುಗಳು. ಆ ಊರುಗಳ ಸ್ಟೇಷನ್ನೂ ಚರಿತ್ರೆಯ ಭಾಗ ಎಂದು ಹೇಳಿದರೆ ಈಗಲೂ ಕೆಲವರು ನಗುತ್ತಾರೆ. ಕೋಟೆಗೆ ಪುರಾತತ್ವ ಇಲಾಖೆಯ ಫಲಕವಿದೆ. ಟಿಕೆಟ್ ಕೊಡುತ್ತಿದ್ದ ಕಿಂಡಿಗೆ ಯಾರು ಫಲಕ ಹಾಕುತ್ತಾರೆ?

ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912ರಿಂದ 1918ರ ನಡುವೆ ಮೈಸೂರು ಸಂಸ್ಥಾನದಲ್ಲಿ ರೈಲುಮಾರ್ಗಗಳು ಹೆಚ್ಚಿದವು. ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಕೋಲಾರಕ್ಕೆ 1913ರಲ್ಲಿ ನ್ಯಾರೋ ಗೇಜ್ ಹಳಿ ಬಂತು. 1915ರಲ್ಲಿ ಯಶವಂತಪುರದಿಂದ ದೇವನಹಳ್ಳಿಯ ಮೇಲೆ ಹಾದು ಚಿಕ್ಕಬಳ್ಳಾಪುರದ ಕಡೆಗೆ ಇನ್ನೊಂದು. ಈ ಎರಡನೆಯದನ್ನು ಹಾಕಿದ್ದು ಬೆಂಗಳೂರು–ಚಿಕ್ಕಬಳ್ಳಾಪುರ ಲೈಟ್ ರೈಲ್ವೆ ಕಂಪನಿ. ಆ ಹೆಸರಿನಲ್ಲಿರುವ ‘ಲೈಟ್’ ಎಂಬ ಮಾತಿನಲ್ಲೇ ಇಡೀ ಕಥೆ ಇದೆ. ಹಳಿಗಳ ನಡುವೆ ಎರಡೂವರೆ ಅಡಿ, ಅಂದರೆ 762 ಮಿಲಿಮೀಟರ್ ಅಂತರ. ಹಗುರ ಎಂಜಿನ್, ಹಗುರ ಹಳಿ. ದಿಣ್ಣೆ ಅಡ್ಡ ಬಂದರೆ ಕಡಿಯುವ ಬದಲು ಸುತ್ತಿಕೊಂಡು ಹೋಗಬಹುದು. ಕಡಿಮೆ ದುಡ್ಡಿನಲ್ಲಿ, ಎಷ್ಟು ಬೇಕೋ ಅಷ್ಟೇ ಕಟ್ಟುವುದು ಲೈಟ್ ರೈಲ್ವೆಯ ಲೆಕ್ಕಾಚಾರ.

ಸ್ಟೇಷನ್ನುಗಳೂ ಅದೇ ಲೆಕ್ಕದವು. ಕಲ್ಲಿನ ಗೋಡೆ, ಸುಣ್ಣದ ಗಾರೆ, ಇಳಿಜಾರು ಹೆಂಚಿನ ಮಾಡು. ಇವನ್ನು ಬಂಗಲೆಯಂತೆ ನೋಡಿ ಮೆಚ್ಚುವವರು ಒಂದು ಸಂಗತಿ ಮರೆಯುತ್ತಾರೆ: ಇವು ಕೆಲಸ ನಡೆಯುತ್ತಿದ್ದ ಕಟ್ಟಡಗಳು. ಮಾಸ್ತರರ ಮೇಜು, ಟಿಕೆಟ್ ಕಿಂಡಿ, ಮೂಟೆ ತೂಗುವ ಜಾಗ, ಜನ ಕೂರುವ ನೆರಳು, ಎಲ್ಲವೂ ರೈಲು ಬರುವ ಹೋಗುವ ಕ್ರಮಕ್ಕೆ ತಕ್ಕಂತೆ ಹೊಂದಿಸಿದ್ದು. ಸೌಂದರ್ಯವೇನಿದ್ದರೂ ಆ ಕ್ರಮದಿಂದಲೇ ಬಂದದ್ದು.

1951ರಲ್ಲಿ ಮೈಸೂರು ರೈಲ್ವೆ ದಕ್ಷಿಣ ರೈಲ್ವೆಯೊಳಗೆ ಸೇರಿತು. ಕಳೆದ ಶತಮಾನದ ಕೊನೆಗೆ ಯಲಹಂಕ–ಚಿಕ್ಕಬಳ್ಳಾಪುರ ಹಳಿ ಬ್ರಾಡ್ ಗೇಜ್ ಆಯಿತು. ಅಲ್ಲಿಂದ ಕೋಲಾರದವರೆಗಿನದು 2013ರಲ್ಲಿ. ಗೇಜ್ ಬದಲಾದಾಗ ಸಾಮಾನ್ಯವಾಗಿ ಹಳೆಯ ಸ್ಟೇಷನ್ನು ನೆಲಸಮವಾಗುತ್ತದೆ. ಇಲ್ಲಿ ಉಳಿಯಿತು. ಯಾರೋ ಪ್ರೀತಿಯಿಂದ ಉಳಿಸಿದರು ಎಂದು ನನಗನ್ನಿಸುವುದಿಲ್ಲ. ದಿನಕ್ಕೆ ಬೆರಳೆಣಿಕೆಯ ರೈಲು ಓಡುವ ಮಾರ್ಗದಲ್ಲಿ ಕೆಡವಿ ಕಟ್ಟುವ ಅವಸರ ಯಾರಿಗಿರುತ್ತದೆ? ನಿರ್ಲಕ್ಷ್ಯವೇ ಇವುಗಳ ಕಾವಲುಗಾರ. ಅದೇ ನಿರ್ಲಕ್ಷ್ಯದಲ್ಲಿ ಹೆಂಚು ಜಾರಿತು, ಗೋಡೆಯಲ್ಲಿ ಅರಳಿ ಸಸಿ ಬೇರುಬಿಟ್ಟಿತು ಎನ್ನುವುದೂ ನಿಜ.

ಇತ್ತೀಚಿನ ವರ್ಷಗಳಲ್ಲಿ ಇನ್‌ಟ್ಯಾಕ್‌ನ ಬೆಂಗಳೂರು ಶಾಖೆ ರೈಲ್ವೆಯ ಜೊತೆಗೂಡಿ ಈ ನಾಲ್ಕೂ ಸ್ಟೇಷನ್ನುಗಳ ಸಂರಕ್ಷಣೆಯನ್ನು ಕೈಗೆತ್ತಿಕೊಂಡಿತು. ಇಂಥ ಕೆಲಸದಲ್ಲಿ ನಿಜವಾದ ಪರೀಕ್ಷೆ ಗಾರೆಯದು. ಸುಣ್ಣದ ಗೋಡೆ ತೇವ ಹೀರುತ್ತದೆ, ಬಿಸಿಲು ಬಂದಾಗ ಬಿಟ್ಟುಕೊಡುತ್ತದೆ. ಅದರ ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಸಿಕ್ಕಿಬೀಳುತ್ತದೆ, ಹಳೆಯ ಗಾರೆ ಪುಡಿಯಾಗುತ್ತದೆ, ಸಿಮೆಂಟ್ ಪದರ ಹಪ್ಪಳದಂತೆ ಏಳುತ್ತದೆ. ನಮ್ಮ ಎಷ್ಟೋ ಗುಡಿಗಳು, ಸರ್ಕಾರಿ ಶಾಲೆಗಳು ‘ರಿಪೇರಿ’ಯಿಂದಲೇ ಹಾಳಾದದ್ದು ಹೀಗೆ. ಹಳೆಯ ಗಾರೆಯವರು ಸುಣ್ಣವನ್ನು ದಿನಗಟ್ಟಲೆ ನೆನೆಹಾಕಿ, ಬೆಲ್ಲದ ನೀರು, ಅಳಲೆಕಾಯಿಯ ರಸ ಬೆರೆಸಿ ಅರೆಯುತ್ತಿದ್ದರು. ನಿಧಾನದ ಕೆಲಸ. ಆದರೆ ಸುಣ್ಣದ ಕಲ್ಲು ಸುಡಲು ಸುಮಾರು 900 ಡಿಗ್ರಿ ಸಾಕು, ಸಿಮೆಂಟಿಗೆ 1,450 ಡಿಗ್ರಿ ಬೇಕು. ಸುಡುವಾಗ ಹೊರಬಿಟ್ಟ ಇಂಗಾಲದ ಡೈಆಕ್ಸೈಡನ್ನು ಗೋಡೆಯ ಸುಣ್ಣ ಗಟ್ಟಿಯಾಗುತ್ತ ಬಹುಮಟ್ಟಿಗೆ ಮರಳಿ ಹೀರುತ್ತದೆ. ಪರಿಸರಸ್ನೇಹಿ ಎಂಬ ಹಣೆಪಟ್ಟಿಗಾಗಿ ಗಾಜಿನ ಕಟ್ಟಡ ಕಟ್ಟುವ ಊರಿನ ಪಕ್ಕದಲ್ಲಿ ಇದನ್ನು ಹೇಳಲೇಬೇಕು. ನಿಂತಿರುವ ಕಲ್ಲುಗೋಡೆಗೆ ಸುರಿಯಬೇಕಾದ ಬೆವರನ್ನು 1915ರ ಸುಮಾರಿಗೇ ಸುರಿದಾಗಿದೆ.

ನನ್ನ ತಕರಾರು ಮುಂದಿನ ಹೆಜ್ಜೆಯ ಬಗ್ಗೆ. ಹಳೆಯ ಕಟ್ಟಡ ದುರಸ್ತಿಯಾದೊಡನೆ ಗ್ಯಾಲರಿ, ಕೆಫೆ, ಮ್ಯೂಸಿಯಂ ಎಂಬ ಮಾತು ಬರುತ್ತದೆ. ತಪ್ಪೇನಲ್ಲ, ಬೀಗ ಹಾಕುವುದಕ್ಕಿಂತ ಮೇಲು. ಆದರೆ ಸ್ಟೇಷನ್ನಿಗೆ ಅದರದೇ ಕೆಲಸ ಕೊಡುವ ಕಾಲ ಈಗ ಬಂದಿದೆ. 2008ರಲ್ಲಿ ವಿಮಾನ ನಿಲ್ದಾಣ ತೆರೆಯಿತು. ಅದರ ಬೇಲಿಯಾಚೆಗಿನ ಇದೇ ಹಳಿಯಲ್ಲಿ ರೈಲು ನಿಲ್ಲುವ ಹಾಲ್ಟ್ ಬರಲು 2021ರ ಜನವರಿಯಾಯಿತು. ಉಪನಗರ ರೈಲು ಯೋಜನೆಗೆ 2020ರಲ್ಲಿ ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿತು. ಅದರ ‘ಸಂಪಿಗೆ’ ಮಾರ್ಗ ಬೆಂಗಳೂರು ನಗರದಿಂದ ದೇವನಹಳ್ಳಿಗೆ, 41.4 ಕಿಲೋಮೀಟರ್. ಹೂವಿನ ಹೆಸರಿಟ್ಟುಕೊಂಡ ಈ ಮಾರ್ಗ ಬಂದರೆ ಜನ ಬರುತ್ತಾರೆ. ಜನ ಬಂದರೆ ಜಾಗ ಸಾಲದು, ವಿಸ್ತರಣೆ ಅನಿವಾರ್ಯ.

ವಿಸ್ತರಿಸುವುದಾದರೆ ಹೇಗೆ? ಹಳೆಯದರ ತಲೆಯ ಮೇಲೆ ಮಹಡಿ ಏರಿಸಬಾರದು, ಹಳೆಯದರಂತೆ ನಟಿಸುವ ಹೊಸದನ್ನೂ ಅಂಟಿಸಬಾರದು. ಪಾದಚಾರಿ ಸೇತುವೆ, ಲಿಫ್ಟ್, ಸಿಗ್ನಲ್ ಯಂತ್ರಗಳ ಕೋಣೆ ಇವೆಲ್ಲ ತುಸು ದೂರದಲ್ಲಿ, ಹಗುರವಾಗಿ, ಬಿಚ್ಚಿ ತೆಗೆಯಬಹುದಾದಂತೆ ಇರಲಿ. ಟಿಕೆಟ್ ಮತ್ತು ನೆರಳು ಹಳೆಯ ಕಟ್ಟಡದಲ್ಲೇ ಇರಲಿ. ತೊಡಕು ಎತ್ತರದ್ದು. ಇಂದಿನ ಎತ್ತರದ ಪ್ಲಾಟ್‌ಫಾರಂ ಹಳಿಯ ಮಟ್ಟದಿಂದ 760ರಿಂದ 840 ಮಿಲಿಮೀಟರ್ ಮೇಲಿರುತ್ತದೆ (ಹಳೆಯ ಗೇಜಿನ ಅಗಲಕ್ಕೆ ಸರಿಸುಮಾರು ಸಮ, ಕಾಕತಾಳೀಯ). ಚಿಕ್ಕ ರೈಲಿನ ಕಾಲದ ಹೊಸ್ತಿಲಿನ ಮುಂದೆ ಅಷ್ಟು ಮಣ್ಣು ತುಂಬಿದರೆ ಸ್ಟೇಷನ್ನು ಗುಂಡಿಯೊಳಗೆ ಕೂರುತ್ತದೆ, ಮೊದಲ ಮಳೆಗೇ ನೀರು ಒಳನುಗ್ಗುತ್ತದೆ. ಪ್ಲಾಟ್‌ಫಾರಂ ಅನ್ನು ಕಟ್ಟಡದಿಂದ ಸ್ವಲ್ಪ ಮುಂದಕ್ಕೆ ಸರಿಸಿ, ನಡುವೆ ಇಳಿಜಾರು ಹಾದಿ ಮತ್ತು ಚರಂಡಿ ಬಿಟ್ಟರೆ ಇದು ಬಗೆಹರಿಯುತ್ತದೆ. ಹೊಸ ನಕ್ಷೆ ಬರೆಯುವವರು ಮೊದಲು ಅಳೆಯಬೇಕಾದದ್ದು ಆ ಹೊಸ್ತಿಲಿನ ಮಟ್ಟವನ್ನು.