ಸವಿದು ಅರಿಯುವುದು

ಅರಬಿಯ ‘ಝಾಕ’ ಎಂಬ ಕ್ರಿಯಾಪದಕ್ಕೆ ರುಚಿ ನೋಡುವುದು ಎಂದರ್ಥ. ಪವಿತ್ರ ಕುರ್‌ಆನ್ ಇದನ್ನು ಮರಣದ ಕುರಿತೂ ಬಳಸಿದೆ. ಮರಣವನ್ನು ಒಬ್ಬರ ಪರವಾಗಿ ಇನ್ನೊಬ್ಬರು ಅರಿಯಲಾಗದು. ಇದೇ ಧಾತುವಿನ ‘ಝೌಕ್’, ಸೂಫಿಗಳ ಪರಿಭಾಷೆಯಲ್ಲಿ ತರ್ಕದ ನೆರವಿಲ್ಲದೆ ನೇರವಾಗಿ ಅರಿಯುವುದಕ್ಕೆ ಹೆಸರಾಯಿತು.

ಈ ಪದಕ್ಕೆ ವಿದ್ವತ್ ವಲಯದಲ್ಲಿ ತೂಕ ತಂದವರಲ್ಲಿ ಇಮಾಮ್ ಗಝ್ಝಾಲಿ(ರ) (1058-1111) ಪ್ರಮುಖರು. 1091ರಲ್ಲಿ ಅವರು ಬಗ್ದಾದಿನ ನಿಝಾಮಿಯಾ ಮದ್ರಸದ ಪ್ರಾಧ್ಯಾಪಕರಾದರು. ತತ್ವಶಾಸ್ತ್ರವನ್ನು ಅರೆದು ಕುಡಿದಿದ್ದರು, ಸೂಫಿ ಗ್ರಂಥಗಳನ್ನೂ ಓದಿದ್ದರು. ಆದರೆ ತಾನು ಬೋಧಿಸುತ್ತಿರುವುದು ಅಲ್ಲಾಹನಿಗಾಗಿಯೋ ಕೀರ್ತಿಗಾಗಿಯೋ ಎಂಬ ಪ್ರಶ್ನೆ ಅವರನ್ನು ಕಾಡಿತು. 1095ರಲ್ಲಿ ಪಾಠ ಹೇಳಲು ನಾಲಿಗೆಯೇ ಏಳದಾಯಿತು, ಊಟವೂ ಸೇರದಾಯಿತು. ಅದೇ ವರ್ಷ ಹುದ್ದೆ ತೊರೆದು ದಮಾಸ್ಕಸ್‌ಗೆ ಹೊರಟರು.

‘ಅಲ್ ಮುನ್ಕಿಝ್ ಮಿನದ್ದಲಾಲ್’ ಎಂಬ ಆತ್ಮಕಥನದಲ್ಲಿ ಅವರು ಕೊಡುವ ಉದಾಹರಣೆ ಸರಳವಾಗಿದೆ. ಕಾಯಿಲೆ ಬಿದ್ದ ವೈದ್ಯನಿಗೆ ಆರೋಗ್ಯದ ಲಕ್ಷಣವೂ ಮದ್ದೂ ಗೊತ್ತು. ಆದರೆ ಆರೋಗ್ಯ ಮಾತ್ರ ಅವನಲ್ಲಿಲ್ಲ. ಅರಿತಿರುವುದು ಬೇರೆ, ಆಗಿರುವುದು ಬೇರೆ.

ಹಾಗೆಂದು ಅವರು ಬುದ್ಧಿಯನ್ನು ಬದಿಗಿಡಲಿಲ್ಲ. ತರ್ಕಶಾಸ್ತ್ರ ತಿಳಿಯದವನ ವಿದ್ಯೆಯನ್ನು ನಂಬಲಾಗದೆಂದು ಕೊನೆಗಾಲದ ‘ಅಲ್ ಮುಸ್ತಸ್ಫಾ’ದಲ್ಲಿ ಬರೆದವರೂ ಅವರೇ. 1106ರಲ್ಲಿ ನಿಶಾಪುರದಲ್ಲಿ ಮತ್ತೆ ಬೋಧನೆಗೆ ಮರಳಿದರು.

ಉರ್ದುವಿನಲ್ಲಿ ‘ಝೌಕ್’ ಈಗ ಹೆಚ್ಚಾಗಿ ಅಭಿರುಚಿ ಎಂಬ ಅರ್ಥದಲ್ಲಿ ಉಳಿದಿದೆ. ‘ನನಗೆ ಹಾಗೆ ಹೊಳೆಯಿತು’ ಎಂದು ಓದಿಗೆ ಬೆನ್ನು ತಿರುಗಿಸುವವರೂ, ಗ್ರಂಥಗಳನ್ನು ಬಾಯಿಪಾಠ ಮಾಡಿ ಬದುಕಿನಲ್ಲಿ ಅದರ ರುಚಿ ಕಾಣದವರೂ ನಮ್ಮಲ್ಲಿದ್ದಾರೆ. ಗಝ್ಝಾಲಿಯವರ ಬದುಕು ಇಬ್ಬರಿಗೂ ಪಾಠವಾಗಿದೆ.