ಕುಲುಮೆ ಮನೆಯ ಕನಸು

ಸರ್ರಿಯಲಿಸಂ ಅಂದರೆ ಪ್ಯಾರಿಸ್ಸಿನ ಸರಕು ಎಂದೇ ನಮಗೆ ಕಾಲೇಜಿನಲ್ಲಿ ಹೇಳಿಕೊಟ್ಟರು. 1924ರಲ್ಲಿ ಆಂದ್ರೆ ಬ್ರೆತೋ ಅದರ ಪ್ರಣಾಳಿಕೆ ಬರೆದ. 1929ರಲ್ಲಿ ಸ್ಪೇನಿನ ಲೂಯಿ ಬುನ್ಯುವೆಲ್ ಚಿತ್ರಕಾರ ಡಾಲಿಯ ಜೊತೆ ಸೇರಿ, ಹೆಣ್ಣೊಬ್ಬಳ ಕಣ್ಣನ್ನು ಕ್ಷೌರದ ಕತ್ತಿಯಿಂದ ಸೀಳುವ ಸಿನಿಮಾ ತೆಗೆದ. ಕನಸಿಗೆ ಲೆಕ್ಕಾಚಾರ ಇಲ್ಲ, ಸಿನಿಮಾಕ್ಕೂ ಬೇಡ ಅನ್ನುವುದು ಅವನ ಹಟ. ಇದೆಲ್ಲ ಖರೇ. ಆದರ ಕನಸು ಕಾಣೂದನ್ನ ನಮ್ಮ ಮಂದಿಗೆ ಪ್ಯಾರಿಸ್ಸಿನವರು ಕಲಿಸಬೇಕಾಗಿತ್ತೇನು?

ಆ ಬುನ್ಯುವೆಲ್ಲನೂ ಕಲಾಂದಾ ಎಂಬ ಹಳ್ಳಿಯಲ್ಲಿ ಹುಟ್ಟಿದವ, ಉಳ್ಳವರ ಮನೆಯ ಮಗ. ಏಸು ಸತ್ತ ಶುಕ್ರವಾರ ಆ ಊರ ಜನ ಹಗಲು ರಾತ್ರಿ ಡೋಲು ಬಡಿಯುತ್ತಾರೆ. ಆ ಸದ್ದನ್ನು ಅವನು ತನ್ನ ಚಿತ್ರಗಳಿಗೆ ತಂದ. ಅಂದರೆ ಪ್ಯಾರಿಸ್ಸಿನ ಕನಸಿನ ಬುಡದಲ್ಲೂ ಒಂದು ಹಳ್ಳಿ ಇತ್ತು.

ಇನ್ನು ನಮ್ಮ ಹಳ್ಳಿಗೆ ಬರೋಣ. ಸಂಪಗಾಂವ ಸೀಮೆಯಲ್ಲಿ ಗಣಪತಿ ಹಬ್ಬದ ಬೆನ್ನಿಗೇ ಜೋಕುಮಾರ ಬರುತ್ತಾನೆ. ಅಂಬಿಗರ ಹೆಣ್ಣುಮಕ್ಕಳು ಬೇವಿನ ಸೊಪ್ಪಿನ ಬುಟ್ಟಿಯಲ್ಲಿ ಮಣ್ಣಿನ ಮೂರ್ತಿ ಕೂರಿಸಿ, ಬಾಯಿಗೆ ಬೆಣ್ಣೆ ಸವರಿ, ಹಾಡುತ್ತ ಮನೆಮನೆ ತಿರುಗುತ್ತಾರೆ. ಗಣಪತಿ ಕಡಬು ತಿಂದು ಹೋಗಿ 'ಭೂಮ್ಯಾಗ ಎಲ್ಲಾರೂ ಸುಖದಾಗ ಅದಾರ' ಅಂತ ಶಿವನಿಗೆ ಹೇಳ್ತಾನ. ಜೋಕುಮಾರ ಬಡವರ ಅಂಗಳ ನೋಡಿಕೊಂಡು ಹೋಗಿ 'ಮಳಿ ಇಲ್ಲ, ಕೂಳಿಲ್ಲ' ಅಂತಾನ. ಆಮೇಲೆ ಮಳೆ ಬೀಳುತ್ತದೆ. ಅವನ ಆಯುಷ್ಯ ಏಳೇ ದಿನ. ಹುಣ್ಣಿಮೆಯ ಹೊತ್ತಿಗೆ ಅವನನ್ನು ಕೊಲ್ಲುತ್ತಾರೆ. ಹೆಣ ಸೇರುವುದು ಅಗಸರು ಬಟ್ಟೆ ಒಗೆಯುವ ಬಂಡೆಯ ಕೆಳಗೆ. ಹಸಿವಿನ ಸುದ್ದಿ ಮುಟ್ಟಿಸಿದವನಿಗೆ ಸಾವು! ದುಡಿಯುವ ಜನ ತಮ್ಮ ಬಾಳನ್ನು ಹೀಗೆ ಕನಸಿನಲ್ಲಿ ಬರೆದಿಟ್ಟುಕೊಂಡರು. ಗೌಡನ ಎದುರು ನೇರ ಹೇಳಿದರೆ ತಲೆ ಉಳಿಯುತ್ತಿರಲಿಲ್ಲ.

ಈ ಕನಸಿನ ದಾರಿಯಿಂದಲೇ ನಡೆದು ಬಂದು ಕ್ಯಾಮರಾದ ಹಿಂದೆ ನಿಂತವರು ಚಂದ್ರಶೇಖರ ಕಂಬಾರ. 1937ರಲ್ಲಿ ಬೆಳಗಾವಿ ಜಿಲ್ಲೆಯ ಘೋಡಗೇರಿಯಲ್ಲಿ, ಕಬ್ಬಿಣ ಬಡಿಯುವ ಮನೆಯಲ್ಲಿ ಹುಟ್ಟಿದರು. ಬಡತನಕ್ಕೆ ಓದು ನಿಂತಾಗ ಸಾವಳಗಿ ಮಠದ ಸಿದ್ಧರಾಮ ಸ್ವಾಮಿಗಳು ಕೈಹಿಡಿದರು. 1962ರಲ್ಲಿ ಧಾರವಾಡದಲ್ಲಿ ಎಂ.ಎ. ಮುಗಿಸಿದರು. 1966ರಲ್ಲಿ ಅವರ 'ಸಂಗ್ಯಾ ಬಾಳ್ಯಾ' ಪುಸ್ತಕ ಬಂತು. ಅದು ನಮ್ಮ ಬೈಲಹೊಂಗಲದ ಸಣ್ಣಾಟ. ಊರಲ್ಲಿ ನಡೆದ ಪ್ರೇಮ, ಗೆಳೆತನ, ಮೋಸ, ಕೊಲೆಯನ್ನೇ ಹಿಡಿದು ಕಟ್ಟಿದ್ದು. ದೇವರ ವೇಷ ಬಿಟ್ಟು ಪ್ಯಾಟಿ ಮನುಷ್ಯರನ್ನೇ ಅಟ್ಟಕ್ಕೆ ಹತ್ತಿಸಿದ ಆಟ ಅದು.

1972ರ 'ಜೋಕುಮಾರಸ್ವಾಮಿ' ನಾಟಕದಲ್ಲಿ ಆ ಏಳು ದಿನದ ದೇವರು ಬಸಣ್ಣನಾಗಿ ಬಂದ. ಮಕ್ಕಳಿಲ್ಲದ ಗೌಡ್ತಿ ಗಂಡನಿಗೆಂದು ಮಾಡಿದ ಪಡವಲಕಾಯಿ ಪಲ್ಯ ಬಸಣ್ಣನ ಹೊಟ್ಟೆ ಸೇರುತ್ತದೆ. ನೆಲ ಉಳುವವನದು ಅನ್ನುವ ಬಸಣ್ಣನನ್ನು ಗೌಡನ ಕಡೆಯವರು ಮುಗಿಸುತ್ತಾರೆ. ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ. ಎರಡು ವರ್ಷ ಮೊದಲೇ ಕನಸು ಆ ಮಾತು ಆಡಿತ್ತು.

ಆ ಕಾಲದ ಕನ್ನಡದ ಹೊಸ ಸಿನಿಮಾ ಏನು ಮಾಡುತ್ತಿತ್ತು? 'ಸಂಸ್ಕಾರ' (1970), 'ವಂಶವೃಕ್ಷ' (1971), 'ಘಟಶ್ರಾದ್ಧ' (1977) — ಒಳ್ಳೆಯ ಚಿತ್ರಗಳೇ. ಆದರೆ ಕ್ಯಾಮರಾ ಬ್ರಾಹ್ಮಣರ ಮನೆಯ ಒಳಗಿನ ಬಿರುಕನ್ನೇ ನೋಡಿತು. 'ಚೋಮನ ದುಡಿ' (1975) ಕೇರಿಗೆ ಬಂತು, ಆದರೆ ನೋಡಿದ ಕಣ್ಣು ಕೇರಿಯದಲ್ಲ. ಇಂಥ ಹೊತ್ತಿನಲ್ಲಿ ಕಂಬಾರರು ತಮ್ಮದೇ ಕಾದಂಬರಿ 'ಕರಿಮಾಯಿ'ಯನ್ನು ತೆರೆಗೆ ತಂದರು. 1979ರಲ್ಲಿ 'ಕಾಡುಕುದುರೆ', 1981ರಲ್ಲಿ 'ಸಂಗೀತಾ'. ನಿರ್ದೇಶನದ ಜೊತೆ ಸಂಗೀತವನ್ನೂ ತಾವೇ ಮಾಡುತ್ತಿದ್ದ ಮನುಷ್ಯ. 'ಕಾಡುಕುದುರೆ'ಯ ಹಾಡಿಗೆ ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರ ಪ್ರಶಸ್ತಿ ಸಿಕ್ಕಿತು. ಕನ್ನಡದ ಗಾಯಕನೊಬ್ಬನಿಗೆ ಅದು ಮೊದಲ ಸಲ. ಆ ಹಾಡಿನ ಕುದುರೆ ಬರೇ ಕುದುರೆ ಅಲ್ಲ. ಲಗಾಮಿಗೆ ಸಿಗದ ಆಸೆ, ಊರ ಕಟ್ಟಳೆಗೆ ಬಗ್ಗದ ಮೈ. ಉತ್ತರ ಕರ್ನಾಟಕದ ಮಾತು, ಹಾಡಿನ ಲಯ, ದೇವಿಯ ಭಯ ಯಾವುದನ್ನೂ ಅವರು ಮೂಢನಂಬಿಕೆ ಎಂದು ಗುಡಿಸಿ ಹಾಕಲಿಲ್ಲ. ಅತಿವಾಸ್ತವವಾದಿ ಎಂಬ ಚೀಟಿ ಅವರಿಗೆ ಬೇಕಿಲ್ಲ, ಆ ಗುಣ ಊರಿನಿಂದಲೇ ಬಂದದ್ದು.

ಮುಂದಿನ ಕಥೆ ಎಲ್ಲರಿಗೂ ಗೊತ್ತು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿ, 2010ರ ಜ್ಞಾನಪೀಠ, 2018ರಿಂದ 2023ರವರೆಗೆ ಸಾಹಿತ್ಯ ಅಕಾಡೆಮಿಯ ಅಧ್ಯಕ್ಷಗಿರಿ. ಸನ್ಮಾನದ ಹಾರಗಳ ನಡುವೆ ಅವರ ಸಿನಿಮಾ ಮಾತ್ರ ಮರೆತುಹೋಯಿತು. ಜೋಕುಮಾರಸ್ವಾಮಿಗೆ ಪಾಠ ಬರೆಯುವವರು 'ಕರಿಮಾಯಿ' ಚಿತ್ರದ ಹೆಸರೆತ್ತುವುದಿಲ್ಲ.

ನಮ್ಮ ತಕರಾರೂ ಒಂದೈತಿ. ಕುಲುಮೆ ಮನೆಯ ಕನಸು ತೆರೆಗೆ ಬಂತು, ಸಂತೋಷ. ಕೇರಿಯ ಕನಸನ್ನು ಕೇರಿಯವರೇ ಯಾವಾಗ ತೆಗೀತಾರ? ಗಡಿಯಾಚೆ ಸೊಲ್ಲಾಪುರ ಜಿಲ್ಲೆಯ ನಾಗರಾಜ ಮಂಜುಳೆ 2013ರಲ್ಲಿ ಮರಾಠಿಯಲ್ಲಿ 'ಫಂಡ್ರಿ' ಮಾಡಿದರು. ಹಂದಿ ಹಿಡಿಯುವ ಮನೆಯ ಹುಡುಗ, ಒಲಿಯದ ಹುಡುಗಿಗಾಗಿ ಕರಿ ಹಕ್ಕಿಯ ಬೂದಿ ಹುಡುಕುತ್ತ ಅಲೆಯುತ್ತಾನೆ. ಕೊನೆಗೆ ಅವನು ಬೀಸಿದ ಕಲ್ಲು ನೋಡುವವರ ಮುಖಕ್ಕೇ ಬರುತ್ತದೆ. ಅದು ಬಡವರ ಮನೆಯ ಸರ್ರಿಯಲಿಸಂ.

ಗೆಳೆಯರೆ, ಈಗ ಮೊಬೈಲಿನಲ್ಲೇ ಕ್ಯಾಮರಾ ಐತಿ. ಸಂಪಗಾಂವದ ಅವ್ವಂದಿರಿಗೆ ಜೋಕುಮಾರನ ಹಾಡು ಇನ್ನೂ ಬಾಯಿಪಾಠ. ಅವರು ಹೋಗುವ ಮೊದಲು ಅವರ ಎದುರು ಹೋಗಿ ಕೂಡ್ರೋಣ. ಹಾಡು ಕೇಳೋಣ, ಬರಕೊಳ್ಳೋಣ, ತೆಗೆಯೋಣ.