ಕೊಡಲಿಗೆ ಸೊಕ್ಕು ಬಂದಾಗ: ಹೀಬ್ರೂ ಪ್ರವಾದಿಗಳು ಮತ್ತು ನಿನೆವೆಯ ಪತನ

ಹೀಬ್ರೂ ಸತ್ಯವೇದದ ಪ್ರವಾದಿ ಗ್ರಂಥಗಳಲ್ಲಿ ಪರರಾಷ್ಟ್ರಗಳ ಮೇಲಿನ ತೀರ್ಪಿನ ನುಡಿಗಳು ದೊಡ್ಡ ಭಾಗವನ್ನೇ ಆಕ್ರಮಿಸಿವೆ. ಯೆಶಾಯನ ಗ್ರಂಥದಲ್ಲಿ 13ರಿಂದ 23, ಯೆರೆಮೀಯನಲ್ಲಿ 46ರಿಂದ 51, ಯೆಹೆಜ್ಕೇಲನಲ್ಲಿ 25ರಿಂದ 32ನೇ ಅಧ್ಯಾಯಗಳು ಹೆಚ್ಚಾಗಿ ಇವಕ್ಕೇ ಮೀಸಲು. ಈಜಿಪ್ಟ್, ಅಶ್ಶೂರ, ಬಾಬೆಲ್, ತೂರ್, ಎದೋಮ್, ಮೋವಾಬ್ ಎಂದು ಹೆಸರುಗಳು ಬದಲಾಗುತ್ತವೆ. ಆದರೆ ಕೈಗೆ ಬಂದ ಬಲವನ್ನು ಸ್ವಂತದ್ದೆಂದು ಬಗೆದರು, ಆ ಬಲದಿಂದ ದುರ್ಬಲರನ್ನು ತುಳಿದರು ಎಂಬ ಆರೋಪ ಮತ್ತೆ ಮತ್ತೆ ಕೇಳಿಬರುತ್ತದೆ. ಅಶ್ಶೂರ ಸಾಮ್ರಾಜ್ಯ ಮತ್ತು ಅದರ ರಾಜಧಾನಿ ನಿನೆವೆಯ ಕಥೆಯಲ್ಲಿ ಇದು ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ.

ಆಮೋಸನ ಅಳತೆಗೋಲು

ಕ್ರಿ.ಪೂ. 8ನೇ ಶತಮಾನದ ನಡುಭಾಗದಲ್ಲಿ ತೆಕೋವದ ಆಮೋಸ ಎಂಬ ಕುರಿಗಾಹಿ ಉತ್ತರದ ಇಸ್ರಾಯೇಲ್ ರಾಜ್ಯಕ್ಕೆ ಹೋಗಿ ಮಾತಾಡಿದ. ಸುತ್ತಲಿನ ರಾಜ್ಯಗಳ ಹೆಸರನ್ನು ಒಂದೊಂದಾಗಿ ಎತ್ತಿ ಅವುಗಳ ಅಪರಾಧ ಹೇಳಿದ. ದಮಸ್ಕದವರು ಗಿಲ್ಯಾದಿನ ಜನರನ್ನು ಕಣದಲ್ಲಿ ತೆನೆ ಒಕ್ಕುವಂತೆ ಕಬ್ಬಿಣದಿಂದ ಒಕ್ಕಿದರು. ಗಾಜಾದವರು ಊರಿಗೆ ಊರನ್ನೇ ಸೆರೆಹಿಡಿದು ಮಾರಿದರು. ಅಮ್ಮೋನಿಯರು ಗಡಿ ಹಿಗ್ಗಿಸಿಕೊಳ್ಳಲು ಗರ್ಭಿಣಿಯರ ಹೊಟ್ಟೆ ಸೀಳಿದರು. ಮೋವಾಬಿನವರು ಎದೋಮಿನ ಅರಸನ ಎಲುಬುಗಳನ್ನು ಸುಟ್ಟು ಸುಣ್ಣ ಮಾಡಿದರು. ಈ ಕೊನೆಯ ಕೃತ್ಯದಿಂದ ಇಸ್ರಾಯೇಲಿಗೆ ಯಾವ ನಷ್ಟವೂ ಆಗಿರಲಿಲ್ಲ. ತನ್ನ ಜನರ ಇಬ್ಬರು ವೈರಿಗಳ ನಡುವೆ ನಡೆದ ಅನ್ಯಾಯವೂ ದೇವರ ಲೆಕ್ಕಕ್ಕೆ ಬರುತ್ತದೆ ಎಂಬುದು ಆಮೋಸನ ನಿಲುವು.

ನೆರೆಯವರ ತಪ್ಪುಗಳನ್ನು ಕೇಳುತ್ತಾ ಜನ ತಲೆದೂಗಿರಬೇಕು. ಆಗ ಅವನ ಮಾತು ದಕ್ಷಿಣದ ಯೆಹೂದ ರಾಜ್ಯದ ಕಡೆಗೆ, ಕೊನೆಗೆ ಎದುರಿಗಿದ್ದ ಇಸ್ರಾಯೇಲಿನ ಕಡೆಗೇ ತಿರುಗಿತು. ಒಂದು ಜೊತೆ ಕೆರದ ಬೆಲೆಗೆ ಬಡವನನ್ನು ಮಾರುವ ನಿಮ್ಮನ್ನು ಬಿಟ್ಟಾರೆಯೇ ಎಂಬುದು ಆ ಮಾತಿನ ತಿರುಳು. ಎಲ್ಲರಿಗೂ ಹಿಡಿದ ಅಳತೆಗೋಲು ಒಂದೇ ಆಗಿತ್ತು.

ಕೊಡಲಿ ಮತ್ತು ಕೈ

ಸುಮಾರು ಕ್ರಿ.ಪೂ. 722ರಲ್ಲಿ ಅಶ್ಶೂರರು ಇಸ್ರಾಯೇಲಿನ ರಾಜಧಾನಿ ಸಮಾರ್ಯವನ್ನು ಗೆದ್ದು ಜನರನ್ನು ಗಡಿಪಾರು ಮಾಡಿದರು. ಅದೇ ಕಾಲದಲ್ಲಿ ಯೆರೂಸಲೇಮಿನಲ್ಲಿದ್ದ ಯೆಶಾಯ ಇದಕ್ಕೆ ಕೊಟ್ಟ ಅರ್ಥ ವಿಶಿಷ್ಟವಾದದ್ದು. ಅಶ್ಶೂರವು ದೇವರು ತನ್ನ ಜನರನ್ನು ದಂಡಿಸಲು ಎತ್ತಿಕೊಂಡ ಕೋಲು ಎಂದ. ಆದರೆ ಕೋಲಿಗೆ ಅದರ ಅರಿವಿರಲಿಲ್ಲ. ತನ್ನ ಕೈಬಲದಿಂದ, ತನ್ನ ಜಾಣತನದಿಂದ ಗಡಿಗಳನ್ನು ಅಳಿಸಿದೆನೆಂದು ಅಶ್ಶೂರದ ಅರಸ ಬೀಗಿದ. ಕಡಿಯುವವನ ಎದುರು ಕೊಡಲಿ ಜಂಬ ಕೊಚ್ಚಿಕೊಂಡಂತಾಯಿತು ಇದು ಎಂದು 10ನೇ ಅಧ್ಯಾಯ ಹೇಳುತ್ತದೆ. ಪ್ರವಾದಿಗಳ ಗರ್ವದ ಕಲ್ಪನೆಯೆಲ್ಲ ಈ ಹೋಲಿಕೆಯಲ್ಲಿ ಅಡಗಿದೆ. ಬಲವಿರುವುದೇ ಪಾಪ ಎಂದು ಯೆಶಾಯ ಹೇಳಲಿಲ್ಲ. ಆ ಬಲ ಎರವಲು ಬಂದದ್ದೆಂಬುದನ್ನು ಮರೆತದ್ದು ಅವನ ದೃಷ್ಟಿಯಲ್ಲಿ ಪಾಪ.

ಲಾಕೀಷಿನ ಕಲ್ಲುಗಳು

ಕ್ರಿ.ಪೂ. 701ರಲ್ಲಿ ಅಶ್ಶೂರದ ಅರಸ ಸನ್ಹೇರೀಬ ಯೆಹೂದದ ಮೇಲೆ ದಂಡೆತ್ತಿ ಬಂದ. 46 ಕೋಟೆಯ ಊರುಗಳನ್ನು ಹಿಡಿದೆ, 2,00,150 ಜನರನ್ನು ಹೊರಗೆಳೆದೆ ಎಂದು ಅವನೇ ಬರೆಸಿಕೊಂಡಿದ್ದಾನೆ. ಯೆರೂಸಲೇಮ್ ಮಾತ್ರ ಅವನ ಕೈಗೆ ಸಿಗಲಿಲ್ಲ. ಲಾಕೀಷ್ ಪಟ್ಟಣದ ಮೇಲಿನ ಜಯವನ್ನು ಅವನು ನಿನೆವೆಯ ಅರಮನೆಯ ಗೋಡೆಗಳ ಮೇಲೆ ಕೆತ್ತಿಸಿದ. ಆ ಕಲ್ಲುಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಶೂಲಕ್ಕೇರಿಸಿದ ಗಂಡಸರು ಒಂದೆಡೆ. ಇನ್ನೊಂದೆಡೆ ಎತ್ತಿನ ಬಂಡಿ, ಅದರ ಮೇಲೆ ಗಂಟುಮೂಟೆ, ಗಂಟುಮೂಟೆಯ ಮೇಲೆ ಹೆಂಗಸರು ಮಕ್ಕಳು. ಇವರೆಲ್ಲ ಸಾಗುತ್ತಿರುವುದು ಸಿಂಹಾಸನದಲ್ಲಿ ಕುಳಿತ ಅರಸನ ಕಡೆಗೆ.

ಆ ಅರಸನಿಗೆ ಈಗ ಮುಖವಿಲ್ಲ. ಯಾರೋ ಅದನ್ನು ಕೊಚ್ಚಿ ಅಳಿಸಿದ್ದಾರೆ. ನಿನೆವೆ ಬಿದ್ದ ದಿನ ಒಳನುಗ್ಗಿದ ಸೈನಿಕರ ಕೆಲಸವಿದು ಎಂದು ವಿದ್ವಾಂಸರು ಊಹಿಸುತ್ತಾರೆ.

ಕ್ರಿ.ಪೂ. 612

ನಿನೆವೆ ಇದ್ದದ್ದು ಇಂದಿನ ಇರಾಕಿನ ಮೊಸುಲ್ ಬಳಿ, ಟೈಗ್ರಿಸ್ ನದಿಯ ಪೂರ್ವದಂಡೆಯಲ್ಲಿ. ಕೋಟೆಗೋಡೆಯ ಸುತ್ತಳತೆ ಸುಮಾರು 12 ಕಿಲೋಮೀಟರ್. ಅಶುರ್‌ಬನಿಪಾಲ ಎಂಬ ಅರಸನ ಗ್ರಂಥಭಂಡಾರದ ಸುಮಾರು 30,000 ಜೇಡಿಮಣ್ಣಿನ ಹಲಗೆಗಳೂ ಚೂರುಗಳೂ ಇಲ್ಲೇ ಸಿಕ್ಕಿವೆ. ಇಂಥ ನಗರ ಬೀಳುತ್ತದೆಂದು ಪ್ರವಾದಿ ನಹೂಮ ಸಾರಿದ. ಅವನು ಕೊಟ್ಟ ಸಾಕ್ಷಿ ಅಶ್ಶೂರರದೇ ಕೃತ್ಯವಾಗಿತ್ತು. ನೀರಿನ ನಡುವೆ ಭದ್ರವಾಗಿದ್ದ ಈಜಿಪ್ಟಿನ ಥೀಬ್ಸ್ ನಗರವನ್ನು ಅವರು ಕ್ರಿ.ಪೂ. 663ರಲ್ಲಿ ಸೂರೆಮಾಡಿದ್ದರು. ನೀನು ಅದಕ್ಕಿಂತ ಹೆಚ್ಚಿನವಳೋ ಎಂದು ನಹೂಮ ನಿನೆವೆಯನ್ನು ಕೇಳಿದ.

ಕ್ರಿ.ಪೂ. 612ರಲ್ಲಿ ಬಾಬೆಲಿನವರೂ ಮೇದ್ಯರೂ ಸೇರಿ ಮೂರು ತಿಂಗಳ ಮುತ್ತಿಗೆಯಲ್ಲಿ ನಗರವನ್ನು ಕೆಡವಿದರು. ಕ್ರಿ.ಪೂ. 401ರಲ್ಲಿ ಗ್ರೀಕ್ ಲೇಖಕ ಕ್ಸೆನೊಫೋನ್ ಅದೇ ಹಾದಿಯಲ್ಲಿ ಹೋದಾಗ ಪಾಳುಗೋಡೆಗಳನ್ನು ಕಂಡ, ಆದರೆ ಅವು ನಿನೆವೆಯವೆಂದು ಅವನಿಗೆ ತಿಳಿಯಲಿಲ್ಲ. ಸುಮಾರು 200 ವರ್ಷಗಳಲ್ಲಿ ಹೆಸರೂ ಅಳಿದಿತ್ತು.

ನೋಡುತ್ತಾ ನಿಂತವರ ತಪ್ಪು

ಗರ್ವಕ್ಕೆ ದೊಡ್ಡ ಸಾಮ್ರಾಜ್ಯವೇ ಬೇಕೆಂದಿಲ್ಲ. 21 ವಚನಗಳ ಪುಟ್ಟ ಗ್ರಂಥವಾದ ಓಬದ್ಯದ ಗುರಿ ಎದೋಮ್ ಎಂಬ ಸಣ್ಣ ಬೆಟ್ಟದ ನಾಡು. ಬಂಡೆಗಳ ಎತ್ತರದಲ್ಲಿರುವ ತನ್ನನ್ನು ಯಾರು ಇಳಿಸಿಯಾರು ಎಂದು ಅದು ನಂಬಿತ್ತು. ಮುಂದೊಮ್ಮೆ ನೆರೆಯ ಯೆರೂಸಲೇಮ್ ಸೂರೆಹೋದ ದಿನ ಎದೋಮ್ ದೂರ ನಿಂತು ಹಿಗ್ಗಿತು, ತಪ್ಪಿಸಿಕೊಂಡು ಓಡುವವರನ್ನು ಹಿಡಿದುಕೊಟ್ಟಿತು ಎಂಬುದು ಆರೋಪ. ಓಬದ್ಯ ಕೊಟ್ಟ ತೀರ್ಪು ನಮ್ಮ ‘ಮಾಡಿದ್ದುಣ್ಣೋ ಮಹಾರಾಯ’ ಎಂಬ ಗಾದೆಗೆ ಹತ್ತಿರದ್ದು.

ಯೋನನಿಗೆ ಕೇಳಿದ ಪ್ರಶ್ನೆ

ಸತ್ಯವೇದದಲ್ಲಿ ನಿನೆವೆಯದೇ ಇನ್ನೊಂದು ಗ್ರಂಥವಿದೆ. ನಗರ ಅಳಿದು ಬಹುಕಾಲದ ನಂತರ ಯೋನ ಗ್ರಂಥ ರಚನೆಯಾಯಿತೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಅದರಲ್ಲಿ ನಿನೆವೆಯ ಅರಸ ಸಿಂಹಾಸನದಿಂದಿಳಿದು ಬೂದಿಯಲ್ಲಿ ಕೂರುತ್ತಾನೆ, ತೀರ್ಪು ತಪ್ಪುತ್ತದೆ. ನಗರ ಉಳಿಯಿತೆಂದು ಸಿಟ್ಟಾದವನು ಆ ತೀರ್ಪನ್ನು ಸಾರಿದ್ದ ಪ್ರವಾದಿ ಯೋನನೇ. 1,20,000ಕ್ಕೂ ಹೆಚ್ಚು ಜನರ ಮೇಲೆ, ಅಷ್ಟೊಂದು ದನಕರುಗಳ ಮೇಲೆ ತಾನು ಕನಿಕರಪಡಬಾರದೇ ಎಂದು ದೇವರು ಅವನನ್ನು ಕೇಳುತ್ತಾನೆ. ನಹೂಮ, ಯೋನ ಎರಡೂ ಮುಗಿಯುವುದು ಪ್ರಶ್ನೆಯಿಂದ. ನಿನ್ನ ಕ್ರೌರ್ಯಕ್ಕೆ ಸಿಗದವರು ಯಾರು ಎಂದು ಒಂದು ಕೇಳಿದರೆ, ಅಂಥವರ ಮೇಲೂ ಕರುಣೆ ಬೇಡವೇ ಎಂದು ಇನ್ನೊಂದು ಕೇಳುತ್ತದೆ.

ಇಂದಿನ ಓದಿಗೆ

ಈ ನುಡಿಗಳನ್ನು ಪಂಚಾಂಗದಂತೆ ಬಳಸಿ, ಇಂದಿನ ಯಾವುದೋ ದೇಶದ ನಾಶದ ದಿನ ಹುಡುಕುವವರಿದ್ದಾರೆ. ಗ್ರಂಥಗಳೇ ಅದಕ್ಕೆ ಆಸ್ಪದ ಕೊಡುವುದಿಲ್ಲ. ತೂರ್ ನಗರವನ್ನು ಬಾಬೆಲಿನ ಅರಸ ನೆಬೂಕದ್ನೆಚ್ಚರ ನಾಶಮಾಡುವನೆಂದು ಸಾರಿದ ಯೆಹೆಜ್ಕೇಲನ ಗ್ರಂಥವೇ, ಆ ಮುತ್ತಿಗೆಯ ದುಡಿಮೆಗೆ ಅವನಿಗೆ ಕೂಲಿ ದಕ್ಕಲಿಲ್ಲವೆಂದು 29ನೇ ಅಧ್ಯಾಯದಲ್ಲಿ ದಾಖಲಿಸುತ್ತದೆ. ಪರರಾಷ್ಟ್ರಗಳ ತೀರ್ಪುಗಳ ಸಾಲಿನ ನಡುವೆಯೇ ಯೆಶಾಯನ 22ನೇ ಅಧ್ಯಾಯ ಯೆರೂಸಲೇಮನ್ನು ತರಾಟೆಗೆ ತೆಗೆದುಕೊಳ್ಳುತ್ತದೆ. ಅಲ್ಲಿ ಸ್ವಂತ ಊರಿಗೂ ವಿನಾಯಿತಿ ಸಿಕ್ಕಿಲ್ಲ.

ಶತ್ರು ದೇಶ ಬಿದ್ದಾಗ ಸಾಯುವವರು ಯಾರೆಂಬುದನ್ನೂ ಮರೆಯಬಾರದು. ನಿನೆವೆಯ ಹಲ್ಜಿ ಬಾಗಿಲನ್ನು ಅಗೆದಾಗ ಮುತ್ತಿಗೆಯಲ್ಲಿ ಸತ್ತವರ ಅಸ್ಥಿಪಂಜರಗಳು ಬಿದ್ದಲ್ಲೇ ಸಿಕ್ಕವು. ಕೊಡಲಿ ಹಿಡಿದಿದ್ದ ಸನ್ಹೇರೀಬ ಅದಕ್ಕೆ ಸುಮಾರು 70 ವರ್ಷ ಮೊದಲೇ ಸತ್ತಿದ್ದ. ಸೊಕ್ಕಿನ ಸಾಲವನ್ನು ತೀರಿಸಿದವರು ಅವನ ನಂತರದ ತಲೆಮಾರಿನವರು.

ಆದ್ದರಿಂದ ಈ ತೀರ್ಪುಗಳನ್ನು ಓದುವ ಯಾವುದೇ ಜನಾಂಗ ಮೊದಲು ನೋಡಬೇಕಾದ್ದು ತನ್ನ ಗೋಡೆಗಳನ್ನು. ನಾವು ಗೆಲುವೆಂದು ಹೆಮ್ಮೆಯಿಂದ ಕೆತ್ತಿಸಿಕೊಂಡ ಚಿತ್ರದಲ್ಲಿ, ಗಂಟುಮೂಟೆಯ ಮೇಲೆ ಕೂತು ಹೊರಟ ಮಕ್ಕಳು ಯಾರವರು?